ಐರ್ಲೆಂಡಿನ ವಂಶಾವಳಿಗಳು: ಪಾಠಶುದ್ಧಿ ಮತ್ತು ಇತಿಹಾಸಶುದ್ಧಿ

ಯುರೋಪಿನ ದೇಶಭಾಷೆಗಳಲ್ಲಿ ಪ್ರಾಚೀನ ಐರಿಷ್ ಭಾಷೆಯಷ್ಟು ವಿಪುಲವಾದ ವಂಶಾವಳಿ ಸಾಹಿತ್ಯವುಳ್ಳವು ವಿರಳ. ಎಂ. ಎ. ಓಬ್ರಯನ್ ಅವರು ಸಂಪಾದಿಸಿದ, 1962ರಲ್ಲಿ ಡಬ್ಲಿನ್ನಿನಲ್ಲಿ ಪ್ರಕಟವಾದ 'ಕಾರ್ಪಸ್ ಜೀನಿಯಲಾಜಿಯಾರುಮ್ ಹಿಬರ್ನಿಯೆ'ಯ ಪ್ರಥಮ ಸಂಪುಟವು ಈ ಸಾಹಿತ್ಯಕ್ಕೆ ಇಂದಿಗೂ ಮುಖ್ಯ ಆಕರ. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿರುವ, 12ನೆಯ ಶತಮಾನದ ಪೂರ್ವಾರ್ಧಕ್ಕೆ ಸೇರಿದ ರಾಲಿನ್ಸನ್ ಬಿ 502 ಎಂಬ ಚರ್ಮಪತ್ರದ ಪ್ರತಿಯು ಇದಕ್ಕೆ ಮೂಲಾಧಾರ. ಲೆನ್‌ಸ್ಟರ್ ಗ್ರಂಥ ಮೊದಲಾದ ಪ್ರತಿಗಳಿಂದ ಪಾಠಾಂತರಗಳನ್ನು ಕೊಡಲಾಗಿದೆ.

ಮೂಲಪ್ರತಿಗೆ ನಿಷ್ಠೆ, ಊಹೆಯ ತಿದ್ದುಪಾಟಿನಲ್ಲಿ ಸಂಯಮ, ವಿಸ್ತಾರವಾದ ನಾಮಸೂಚಿ: ಇವು ಸಂಪಾದಕರ ಪರಿಶ್ರಮಕ್ಕೆ ಸಾಕ್ಷಿಯಾಗಿವೆ. ಆದರೆ ಅನುವಾದವಿಲ್ಲದಿರುವುದು ಕೊರತೆಯೇ ಸರಿ. ಇದಕ್ಕಿಂತ ಗಹನವಾದುದು ಮತ್ತೊಂದು ಪ್ರಶ್ನೆ. ಪಾಠವು ಶುದ್ಧವಾದ ಮಾತ್ರಕ್ಕೆ ಅದು ಹೇಳುವ ಸಂಗತಿ ಸತ್ಯವಾಗುವುದೇ?

ದಾಲ್ ಕಾಸ್ ವಂಶದ ನಿದರ್ಶನವನ್ನು ಪರಿಶೀಲಿಸಬಹುದು. ಮನ್‌ಸ್ಟರ್ ಪ್ರಾಂತದ ಕ್ಯಾಶಲ್ ಸಿಂಹಾಸನವು ಬಹುಕಾಲ ಓಗನಾಖ್ತ ವಂಶದವರದಾಗಿತ್ತು. 10ನೆಯ ಶತಮಾನದಲ್ಲಿ ದಾಲ್ ಕಾಸರು ಪ್ರಬಲರಾದರು. 1014ರಲ್ಲಿ ಕ್ಲಾಂಟಾರ್ಫ್ ಯುದ್ಧದಲ್ಲಿ ಮಡಿದ ಬ್ರಿಯನ್ ಬೋರು ಈ ವಂಶದವನು. ವಂಶಾವಳಿಗಳು ಇವರ ಮೂಲಪುರುಷನನ್ನು ಓಗನಾಖ್ತರ ಮೂಲಪುರುಷನ ಸೋದರನೆಂದು ಹೇಳುತ್ತವೆ. ವಾಸ್ತವದಲ್ಲಿ ಇವರು ಕಪ್ಪ ಸಲ್ಲಿಸುತ್ತಿದ್ದ ಡೇಶಿ ಜನರ ಒಂದು ಶಾಖೆಯೆಂಬುದು ಆಧುನಿಕ ವಿದ್ವಾಂಸರ ನಿರ್ಣಯ. ರಾಲಿನ್ಸನ್ ಪ್ರತಿಯು ಬ್ರಿಯನ್ನನ ಮರಣಾನಂತರ ಒಂದು ಶತಮಾನ ಕಳೆದ ಮೇಲೆ ಲಿಖಿತವಾದುದು. ಆದುದರಿಂದ ಪ್ರತಿಗಳು ಪರಸ್ಪರ ಒಪ್ಪಿದರೂ ಆ ಒಪ್ಪಿಗೆಯು ಸಮಾನ ಮೂಲವನ್ನು ಸೂಚಿಸಬಲ್ಲುದೇ ಹೊರತು ವಂಶಸಂಬಂಧವನ್ನು ಸಿದ್ಧಪಡಿಸಲಾರದು.

ಪ್ರತಿಗಳಾಚೆಯ ಪ್ರಮಾಣವೂ ಉಂಟು. ಕೆರಿ ಪ್ರದೇಶದ ಡಿಂಗಲ್ ಭೂಶಿರದಲ್ಲಿ, ಓಗಮ್ ಲಿಪಿಯ ಶಿಲೆಗಳಲ್ಲಿ, 'ದೊವಿನಿಯಳ ಕುಲದವನು' ಎಂಬರ್ಥದ ಒಕ್ಕಣೆಯಿದೆ. ಅದೇ ಸೀಮೆಯ ಕೊರ್ಕು ದುಯ್ಬ್ನೆ ಕುಲದ ಹೆಸರಿನಲ್ಲಿ ಆಕೆಯ ಹೆಸರೇ ಉಳಿದಿದೆ. ಶಿಲೆಯಲ್ಲಿ ಕುಲದ ಮೂಲ ಸ್ತ್ರೀ. ವಂಶಾವಳಿಗಳಲ್ಲಾದರೋ ಆ ಕುಲವು ರಾಜಪುರುಷನೊಬ್ಬನ ಸಂತತಿ. ಸಂಕಲನಕಾರರು ಸ್ಥಳೀಯ ಪರಂಪರೆಯನ್ನು ಅಳಿಸದೆ, ಅದನ್ನು ರಾಜವಂಶದ ಚೌಕಟ್ಟಿಗೆ ಅಳವಡಿಸಿದರೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಹಾಗೆಂದು ಈ ವಂಶಾವಳಿಗಳನ್ನು ಕಲ್ಪಿತವೆಂದು ತಳ್ಳಿಹಾಕುವುದು ಯುಕ್ತವಲ್ಲ. ಯಾವ ಕುಲ ಎಲ್ಲಿ ನೆಲೆಸಿತ್ತು, ಅದರ ಶಾಖೆಗಳಾವುವು, ಯಾರು ಯಾರಿಗೆ ಅಧೀನರು ಎಂಬ ವಿವರಗಳು ಇವುಗಳಲ್ಲಿ ಹುದುಗಿವೆ. ಸ್ಥಳೀಯ ಇತಿಹಾಸವು ಲಿಖಿತರೂಪ ತಾಳಿದ ಮೊದಲ ನೆಲೆಗಳಲ್ಲಿ ಇದೂ ಒಂದು. ಕಲ್ಪಿತ ಸಂಬಂಧವೂ ಅದನ್ನು ಕಲ್ಪಿಸಿದ ಕಾಲದ ಪ್ರಾಮಾಣಿಕ ದಾಖಲೆ. ಪರಂಪರೆಯ ಪಟ್ಟಿಗಳನ್ನು ಸಂಪಾದಿಸುವವರು ಪಾಠನಿರ್ಣಯದೊಡನೆ, ಪ್ರತಿಯೊಂದು ಸಂಬಂಧವೂ ಯಾವ ಕಾಲದಲ್ಲಿ, ಯಾರ ಪ್ರಯೋಜನಕ್ಕಾಗಿ ಸೇರಿತೆಂಬುದನ್ನೂ ವಿಚಾರಿಸಬೇಕು. ಓಬ್ರಯನ್ನರ ಸಂಪುಟವು ಮೊದಲನೆಯ ಕಾರ್ಯವನ್ನು ಶ್ಲಾಘ್ಯವಾಗಿ ನೆರವೇರಿಸಿ, ಎರಡನೆಯದಕ್ಕೆ ದೃಢವಾದ ತಳಹದಿಯನ್ನು ಒದಗಿಸಿದೆ.