ಬಾಗಿಲು ತೆರೆಸುವ ಖರ್ಚು

ಯುದ್ಧ ನಡೆದಿರುವ ದೇಶದಿಂದ ತನ್ನ ಜನರನ್ನು ಕರೆತರಲು ಒದ್ದಾಡುವ ಬಡ ಸರ್ಕಾರವನ್ನು ಕಂಡರೆ ಎಲ್ಲರಿಗೂ ಮರುಕ. ಫಿಲಿಪೀನ್ಸ್ ವಿಷಯದಲ್ಲಿ ಇದು ಸಿದ್ಧವಾದ ಸಮಜಾಯಿಷಿಯೇ ಆಗಿಬಿಟ್ಟಿದೆ: ದುಡಿಯಲು ಹೋದವರು ಲಕ್ಷಗಟ್ಟಲೆ, ರಾಯಭಾರ ಕಚೇರಿಯಲ್ಲಿ ಬೆರಳೆಣಿಕೆಯ ಸಿಬ್ಬಂದಿ, ಬೊಕ್ಕಸ ಖಾಲಿ, ಪಾಪ ಅವರಾದರೂ ಏನು ಮಾಡಿಯಾರು? ಈ ಮರುಕಕ್ಕೆ ನನ್ನ ತಕರಾರಿದೆ.

2006ರ ಜುಲೈಯಲ್ಲಿ ಇಸ್ರೇಲ್ ಮತ್ತು ಹೆಜ್ಬೊಲ್ಲಾ ನಡುವೆ ಯುದ್ಧ ಶುರುವಾದಾಗ ಲೆಬನಾನಿನಲ್ಲಿ ಸುಮಾರು 30,000 ಫಿಲಿಪಿನೊಗಳಿದ್ದರು. ಬಹುಪಾಲು ಮನೆಗೆಲಸದ ಹೆಂಗಸರು. ಬೈರೂತಿನ ವಿಮಾನ ನಿಲ್ದಾಣಕ್ಕೆ ಮೊದಲೇ ಬಾಂಬು ಬಿದ್ದಿತ್ತು. ಚರ್ಚಿನಲ್ಲಿ ಆಶ್ರಯ, ಬಸ್ಸಿನಲ್ಲಿ ಡಮಾಸ್ಕಸ್, ಅಲ್ಲಿಂದ ಐರೋಪ್ಯ ಒಕ್ಕೂಟದ ಹಣದಲ್ಲಿ ಅಂತರರಾಷ್ಟ್ರೀಯ ವಲಸೆ ಸಂಸ್ಥೆ ಗೊತ್ತುಮಾಡಿದ ವಿಮಾನ. ಹೀಗೆ ಮನಿಲಾ ಮುಟ್ಟಿದವರು ಒಟ್ಟು ಜನರಲ್ಲಿ ಸಣ್ಣ ಪಾಲು. ಉಳಿದವರಲ್ಲಿ ಸಾಲದ ಭಯಕ್ಕೆ ತಾವಾಗಿಯೇ ನಿಂತವರಿದ್ದರು, ನಿಜ. ಆದರೆ ಚರ್ಚಿನವರೆಗೂ ಬರಲಾಗದವರ ಮಾತೇ ಬೇರೆ. ಕಫಾಲಾ ಪದ್ಧತಿಯಲ್ಲಿ ಕೆಲಸದಾಕೆಯ ವಾಸದ ಪರವಾನಗಿ ಯಜಮಾನನ ಹೆಸರಿಗೆ ಕಟ್ಟಿಹಾಕಿರುತ್ತದೆ, ಪಾಸ್‌ಪೋರ್ಟ್ ಅವನ ಬೀರುವಿನಲ್ಲಿ. ಕೆಲವು ಮನೆಯವರು ತಾವು ಬೆಟ್ಟದ ಊರುಗಳಿಗೆ ಓಡಿಹೋಗಿ ಕೆಲಸದವಳನ್ನು ಒಳಗಿಟ್ಟು ಬೀಗ ಜಡಿದಿದ್ದರು. ಬೀಗ ಹಾಕಿದ ಮನೆಯ ಮುಂದೆ ಹತ್ತು ವಿಮಾನ ತಂದು ನಿಲ್ಲಿಸಿದರೂ ಪ್ರಯೋಜನವೇನು?

ಇನ್ನು ಖಾಲಿ ಬೊಕ್ಕಸದ ಮಾತು. ಹೊರದೇಶಕ್ಕೆ ಹೋಗುವ ಪ್ರತಿ ಕಾರ್ಮಿಕರ ಲೆಕ್ಕದಲ್ಲಿ 25 ಡಾಲರ್ ‘ಓವಾ’ ಎಂಬ ಕಲ್ಯಾಣ ಸಂಸ್ಥೆಗೆ ಜಮೆಯಾಗುತ್ತದೆ. ಅದು ತೆರಿಗೆಯ ಹಣವಲ್ಲ, ದುಡಿಯುವವರ ಹೆಸರಿನ ಗಂಟು. 2003ರಲ್ಲಿ ಅಧ್ಯಕ್ಷೆ ಅರೋಯೊ ಒಂದು ಆದೇಶದಿಂದ ಓವಾದ ವೈದ್ಯಕೀಯ ನಿಧಿಯನ್ನು ಸರ್ಕಾರಿ ಆರೋಗ್ಯ ವಿಮಾ ಸಂಸ್ಥೆಗೆ ವರ್ಗಾಯಿಸಿದ್ದರು. ಮೂರು ವರ್ಷದ ಮೇಲೆ ಲೆಬನಾನಿನ ಹೆಂಗಸರಿಗೆ ಹಣ ಸಾಲದೆಂಬ ಮಾತು ಕೇಳಿಬಂದಾಗ ವಲಸೆ ಕಾರ್ಮಿಕರ ಸಂಘಟನೆಗಳು ಗಂಟಿನ ಲೆಕ್ಕ ಕೇಳಿದ್ದು ಸಹಜವೇ. 1995ರ ವಲಸೆ ಕಾರ್ಮಿಕರ ಕಾಯ್ದೆಯೂ ಇದೆ. ಕಾರ್ಮಿಕರನ್ನು ಊರಿಗೆ ಮರಳಿಸುವ ಮೊದಲ ಹೊಣೆ ನೇಮಕಾತಿ ಏಜೆನ್ಸಿ ಮತ್ತು ಮಾಲೀಕನದು, ಯುದ್ಧದ ಹೊತ್ತಿನಲ್ಲಿ ಓವಾ ಖರ್ಚು ಮಾಡಿದರೂ ಅದನ್ನು ಅವರಿಂದ ವಸೂಲು ಮಾಡಬಹುದು ಎನ್ನುತ್ತದೆ ಅದು. ವಸೂಲಿಗೆ ಬೇಕಾದದ್ದು ಗಟ್ಟಿ ಮನಸ್ಸು. ಏಜೆನ್ಸಿಗಳು ಮುನಿಸಿಕೊಂಡರೆ ಡಾಲರ್ ಹರಿವು ಬತ್ತುತ್ತದೆಂಬ ಅಳುಕು 1970ರ ದಶಕದ ಅಧ್ಯಕ್ಷ ಮಾರ್ಕೋಸ್ ಕಾಲದಿಂದಲೂ ಮನಿಲಾವನ್ನು ಕಾಡುತ್ತಿದೆ. ಬಾಂಬಿನಿಂದ ತಪ್ಪಿಸಿಕೊಂಡು ಬಂದ ಹೆಂಗಸರಿಗೆ 2006ರ ಆಗಸ್ಟಿನಲ್ಲಿ ಅರೋಯೊ ಸರ್ಕಾರ ಘೋಷಿಸಿದ್ದು ಏನನ್ನು? ಪ್ರಥಮ ಚಿಕಿತ್ಸೆಯನ್ನೂ ಕಲಿಸಿ ‘ಸೂಪರ್‌ಮೇಡ್’ ಮಾಡಿ ಮತ್ತೆ ಹೊರಗೆ ಕಳಿಸುವ ತರಬೇತಿಯನ್ನು!

ನಮಗೂ ವಿಮಾನ ಎಣಿಸುವ ಚಟವಿದೆ. 1990ರಲ್ಲಿ ಕುವೈತಿನ ಯುದ್ಧದ ವೇಳೆ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಏರ್ ಇಂಡಿಯಾ ಕರೆತಂದದ್ದು ಸಿನಿಮಾ ಕೂಡ ಆಯಿತು. 2023ರಲ್ಲಿ ಸುಡಾನಿನಲ್ಲಿ ಸಿಕ್ಕಿಬಿದ್ದ ನಮ್ಮ ಹಕ್ಕಿಪಿಕ್ಕಿ ಜನ ಸುದ್ದಿಯಾದದ್ದು ಗುಂಡಿನ ಸದ್ದು ಕೇಳಿದ ಮೇಲೆ. ಅದಕ್ಕೆ ಮೊದಲು ಅವರು ಅಲ್ಲಿ ಗಿಡಮೂಲಿಕೆ ಮಾರುತ್ತಿದ್ದದ್ದು ಇಲ್ಲಿ ಎಷ್ಟು ಜನರಿಗೆ ಗೊತ್ತಿತ್ತು?

ಮರಳಲು ಒಪ್ಪದವರ ಮೇಲೆ ಹೊರಿಸುವ ‘ದುರಾಸೆ’ಯ ಆರೋಪವೂ ಇದೇ ಮರುಕದ ಇನ್ನೊಂದು ಮುಖ. 2014ರಲ್ಲಿ ಲಿಬಿಯಾದಿಂದ ಎಲ್ಲರೂ ಕಡ್ಡಾಯವಾಗಿ ಹೊರಡಬೇಕೆಂದು ಮನಿಲಾ ಆದೇಶಿಸಿ ಹಡಗನ್ನೂ ಬಾಡಿಗೆಗೆ ಹಿಡಿಯಿತು. ಬಹಳ ಮಂದಿ ನರ್ಸ್‌ಗಳು ಕದಲಲಿಲ್ಲ. ಅವರು ಹೊರಟರೆ ಆಸ್ಪತ್ರೆಗಳೇ ಮುಚ್ಚಬೇಕಾದೀತೆಂದು ಲಿಬಿಯಾದ ಆರೋಗ್ಯ ಇಲಾಖೆಯೇ ಕೈಚೆಲ್ಲಿತ್ತು. ಊರಿನಲ್ಲಿ ಕೆಲಸವಿಲ್ಲದ ನರ್ಸ್‌ಗೆ ಉಚಿತ ಟಿಕೆಟ್ ಅರ್ಧ ಉತ್ತರ ಮಾತ್ರ.

ಹಾಗಾದರೆ ವಿಮಾನ, ಹಣ, ಸಿಬ್ಬಂದಿ ಬೇಡವೇ ಎಂದು ಕೇಳಬಹುದು. ಬೇಕು. ಆದರೆ 2024ರಲ್ಲಿ ಲೆಬನಾನಿಗೆ ಮತ್ತೆ ಯುದ್ಧ ಬಂದಾಗ ಫಿಲಿಪೀನ್ಸ್‌ಗೆ ವಲಸೆ ಕಾರ್ಮಿಕರದೇ ಪ್ರತ್ಯೇಕ ಇಲಾಖೆಯಿತ್ತು, ತುರ್ತು ನಿಧಿಯಿತ್ತು. ಆಗಲೂ ಹೊರಡಲು ಲೆಬನಾನಿನ ವಲಸೆ ಅಧಿಕಾರಿಗಳ ಅನುಮತಿ ಬೇಕಿತ್ತು, ಅದಕ್ಕಾಗಿ ಜನ ಕಾಯುತ್ತ ಕೂರಬೇಕಾಯಿತು.

ಬಾಗಿಲು ತೆರೆಸಲು ಸಾಧ್ಯವೇ ಇರಲಿಲ್ಲವೆನ್ನುವವರು 2018ರ ಕುವೈತನ್ನು ನೋಡಬೇಕು. ಕೆಲಸದಾಕೆಯೊಬ್ಬಳ ಶವ ಫ್ರೀಜರಿನಲ್ಲಿ ಸಿಕ್ಕಿ ಫಿಲಿಪೀನ್ಸ್ ಕುದಿಯುತ್ತಿದ್ದ ಕಾಲ. ರಾಯಭಾರ ಕಚೇರಿಯವರು ನೇರವಾಗಿ ಮನೆಗಳ ಬಳಿಗೇ ಹೋಗಿ, ನೆರವು ಕೇಳಿದ ಹೆಂಗಸರನ್ನು ಕಾರಿಗೆ ಹತ್ತಿಸಿಕೊಂಡರು. ಕುವೈತ್ ಸಿಟ್ಟಾಗಿ ರಾಯಭಾರಿಯನ್ನು ಹೊರಹಾಕಿತು. ಮನಿಲಾ ಕೆಲಸದವರನ್ನು ಕಳಿಸುವುದನ್ನೇ ನಿಲ್ಲಿಸಿತ್ತು. ಮೇ ತಿಂಗಳಲ್ಲಿ ಆದ ಒಪ್ಪಂದದ ಪ್ರಕಾರ ಪಾಸ್‌ಪೋರ್ಟನ್ನು ಮಾಲೀಕ ಇಟ್ಟುಕೊಳ್ಳುವಂತಿಲ್ಲ, ಮೊಬೈಲ್ ಕಸಿದುಕೊಳ್ಳುವಂತಿಲ್ಲ. ಅದರ ಜಾರಿ ಎಷ್ಟರಮಟ್ಟಿಗೆ ಆಗುತ್ತದೆಂಬುದು ಬೇರೆ ಜಗಳ. ಆದರೆ ಆ ಷರತ್ತುಗಳನ್ನು ಬರೆಸಿಕೊಳ್ಳಲು ಒಂದು ವಿಮಾನವೂ ಬೇಕಾಗಲಿಲ್ಲ, ಮತ್ತು ಆಗ ಕುವೈತಿನಲ್ಲಿ ಯುದ್ಧವಿರಲಿಲ್ಲ.