ಹ್ಯಾಂಡಿಕ್ಯಾಪ್: ಪಂದ್ಯಕ್ಕೆ ಸರಿ, ಪಟ್ಟಿಗೆ ಅಲ್ಲ

ಅಮೆರಿಕದ ಟೆನ್‌ಪಿನ್ ಬೌಲಿಂಗ್ ಲೀಗುಗಳಲ್ಲಿ ವಾರಕ್ಕೊಂದು ಸಂಜೆ ಸೇರಿ ಆಡುವವರಲ್ಲಿ ಬಹುಪಾಲು ಜನ ವೃತ್ತಿಪರರಲ್ಲ. ಒಂದು ಗೇಮಿನ ಗರಿಷ್ಠ ಅಂಕ 300. ಅದಕ್ಕೆ ಸತತ 12 ಸ್ಟ್ರೈಕ್, ಅಂದರೆ ಒಂದೇ ಎಸೆತಕ್ಕೆ ಎಲ್ಲ ಪಿನ್ನುಗಳನ್ನೂ ಬೀಳಿಸುವ ಹೊಡೆತ, ಬೇಕು. ಸರಾಸರಿ 200 ಇರುವ ನುರಿತ ಆಟಗಾರ, 140ರ ಹವ್ಯಾಸಿ ಇಬ್ಬರೂ ಒಂದೇ ಲೀಗಿನಲ್ಲಿ ಎದುರಾಗುತ್ತಾರೆ. ಗೆಲುವು ಯಾರದೆಂದು ಚೆಂಡು ಉರುಳುವ ಮೊದಲೇ ತಿಳಿದುಬಿಟ್ಟರೆ ಹವ್ಯಾಸಿ ಮುಂದಿನ ವಾರ ಬರುವುದೇಕೆ? ಆಟಗಾರರ ಸರಾಸರಿಗೆ ತಕ್ಕಂತೆ ಅವರ ಅಂಕಕ್ಕೆ ರಿಯಾಯಿತಿ ಪಿನ್ನುಗಳನ್ನು ಸೇರಿಸುವ ಹ್ಯಾಂಡಿಕ್ಯಾಪ್ ಪದ್ಧತಿ ಈ ಪ್ರಶ್ನೆಗೆ ಕೊಡುವ ಉತ್ತರ ಒಳ್ಳೆಯದೇ. ಅದೇ ಲೆಕ್ಕದಿಂದ ಆಟಗಾರರನ್ನು ಒಬ್ಬೊಬ್ಬರಾಗಿ ಹೋಲಿಸಿ ಪಟ್ಟಿ ಮಾಡುವುದಕ್ಕೆ ಮಾತ್ರ ನನ್ನ ವಿರೋಧವಿದೆ.

ಲೆಕ್ಕ ಸರಳ. ಲೀಗ್ ಒಂದು ಆಧಾರಸಂಖ್ಯೆಯನ್ನೂ ಒಂದು ಶೇಕಡಾವಾರನ್ನೂ ಗೊತ್ತುಮಾಡುತ್ತದೆ. 220 ಮತ್ತು ಶೇ. 90 ಎಂದುಕೊಳ್ಳೋಣ. ಸರಾಸರಿ 200 ಇರುವವರಿಗೆ ಕೊರತೆ 20, ಅದರ ಶೇ. 90 ಅಂದರೆ 18 ಪಿನ್ನು. 140ರವರಿಗೆ ಕೊರತೆ 80, ಸಿಗುವುದು 72. ಇಬ್ಬರೂ ತಮ್ಮ ಸರಾಸರಿಯಂತೆ ಆಡಿದರೆ ಮೊತ್ತ 218 ಮತ್ತು 212. ಅರವತ್ತು ಪಿನ್ನಿನ ಅಂತರ ಆರಕ್ಕೆ ಇಳಿಯಿತು. ನುರಿತವರಿಗೆ ಅಲ್ಪ ಮುನ್ನಡೆ ಉಳಿಯಿತು, ಹವ್ಯಾಸಿಗೆ ನಿಜವಾದ ಅವಕಾಶ ದೊರೆಯಿತು. ಒಂದು ಸಂಜೆಯ ಪಂದ್ಯಕ್ಕೆ ಇದಕ್ಕಿಂತ ನ್ಯಾಯವಾದ ಏರ್ಪಾಡು ನನಗೆ ಕಾಣದು.

ತೊಡಕು ಹುಟ್ಟುವುದು ಋತುವಿನ ಕೊನೆಗೆ ಹ್ಯಾಂಡಿಕ್ಯಾಪ್ ಸೇರಿಸಿದ ಸರಾಸರಿಯ ಮೇಲೆ ‘ಉತ್ತಮ ಆಟಗಾರ’ರನ್ನು ಆರಿಸಹೊರಟಾಗ. ಶೇಕಡಾವಾರು ನೂರಿದ್ದರೆ, ಆಧಾರಸಂಖ್ಯೆಗಿಂತ ಕೆಳಗಿರುವ ಎಲ್ಲರೂ ಹೆಚ್ಚುಕಡಿಮೆ 220ರಲ್ಲೇ ಬಂದು ನಿಲ್ಲುತ್ತಾರೆ. ಪಟ್ಟಿ ಏನನ್ನೂ ಹೇಳುವುದಿಲ್ಲ. ತೊಂಬತ್ತಿದ್ದರೆ, ಹ್ಯಾಂಡಿಕ್ಯಾಪ್ ಇಲ್ಲದ ‘ಸ್ಕ್ರ್ಯಾಚ್’ ಸರಾಸರಿಯ ಕ್ರಮವೇ ಮತ್ತೆ ಬರುತ್ತದೆ, ಆದರೆ ಅಂತರಗಳು ಹತ್ತನೇ ಒಂದಕ್ಕೆ ಕುಗ್ಗಿರುತ್ತವೆ. ಅಷ್ಟು ಸಣ್ಣ ಅಂತರವನ್ನು ಅಳಿಸಲು ನಾಲ್ಕಾರು ಅದೃಷ್ಟದ ಸಂಜೆಗಳು ಸಾಕು.

‘ಅತಿಹೆಚ್ಚು ಹ್ಯಾಂಡಿಕ್ಯಾಪ್ ಗೇಮ್’ ಬಹುಮಾನದ ಸ್ಥಿತಿ ಇನ್ನೂ ದುರ್ಬಲ. ಹೊಸಬರೊಬ್ಬರು ಮೊದಲ ಸಂಜೆಯ ಮೂರು ಗೇಮುಗಳಲ್ಲಿ 110, 120, 130 ಗಳಿಸಿದರೆ ಸರಾಸರಿ 120, ಹ್ಯಾಂಡಿಕ್ಯಾಪ್ 90. ಲೇನಿನ ಪರಿಚಯವಾಗಿ ಮರುವಾರ 165 ಹೊಡೆದರೆ ಒಟ್ಟು 255. ಅದನ್ನು ಸರಿಗಟ್ಟಲು 200ರ ಆಟಗಾರ 237 ಗಳಿಸಬೇಕು. ಮೂರೇ ಗೇಮಿನ ಸರಾಸರಿ ಆ ಹೊಸಬರ ಶಕ್ತಿಯನ್ನು ಸರಿಯಾಗಿ ಹೇಳಿರಲಿಲ್ಲ. ಬಹುಮಾನ ಹೋಗುವುದು ಆ ತಪ್ಪಿನ ಅಳತೆಗೆ.

ಋತುವಿನ ಕೊನೆಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ತೊಂಬತ್ತು ಗೇಮು 140ರಂತೆ ಆಡಿದವರು ಒಂದು ಸಂಜೆ ಮೂರೂ ಗೇಮಿನಲ್ಲಿ 160 ಹೊಡೆದರೂ ಸರಾಸರಿ 140.6 ಆಗುತ್ತದಷ್ಟೆ, ದಶಾಂಶ ಬಿಟ್ಟುಬಿಡುವುದರಿಂದ ಹ್ಯಾಂಡಿಕ್ಯಾಪ್ ಬದಲಾಗುವುದೇ ಇಲ್ಲ. ತಡವಾಗಿ ಕೈ ಕುದುರಿದವರಿಗೆ ಹಳೆಯ ಆಟದ ರಿಯಾಯಿತಿ ಉಳಿದುಕೊಳ್ಳುತ್ತದೆ. ಮೊದಲ ವಾರಗಳಲ್ಲೇ ಸುಧಾರಿಸಿದವರ ಹ್ಯಾಂಡಿಕ್ಯಾಪ್ ಮಾತ್ರ ಬೇಗ ಇಳಿಯುತ್ತದೆ. ಶ್ರಮ ಒಂದೇ, ಫಲ ಬೇರೆ.

ಇನ್ನು ‘ಸ್ಯಾಂಡ್‌ಬ್ಯಾಗಿಂಗ್’: ಬೇಕೆಂದೇ ಕೆಟ್ಟದಾಗಿ ಆಡಿ ಸರಾಸರಿ ತಗ್ಗಿಸಿ, ಬಹುಮಾನದ ಹೊತ್ತಿಗೆ ನಿಜವಾದ ಆಟ ತೋರಿಸುವುದು. ಯುನೈಟೆಡ್ ಸ್ಟೇಟ್ಸ್ ಬೌಲಿಂಗ್ ಕಾಂಗ್ರೆಸ್‌ನ ನಿಯಮಗಳು ಇದನ್ನು ಅನ್ಯಾಯದ ತಂತ್ರವೆಂದೇ ಪರಿಗಣಿಸುತ್ತವೆ. ಆದರೆ ಕೈ ಸೋತದ್ದು ಯಾವಾಗ, ಸೋಲಿಸಿದ್ದು ಯಾವಾಗ ಎಂದು ಹೊರಗಿನವರು ಸಾಬೀತುಪಡಿಸುವುದು ಕಷ್ಟ. ವೈಯಕ್ತಿಕ ಬಹುಮಾನವನ್ನು ಹ್ಯಾಂಡಿಕ್ಯಾಪ್‌ಗೆ ಕಟ್ಟಿಹಾಕಿದಷ್ಟೂ ಈ ಆಮಿಷಕ್ಕೆ ಬಲ ಬರುತ್ತದೆ.

ಹಾಗಾದರೆ ಲೀಗಿನ ಕಾರ್ಯದರ್ಶಿ ಏನು ಮಾಡಬೇಕು? ತಂಡದ ಅಂಕಗಳಿಗೆ ಹ್ಯಾಂಡಿಕ್ಯಾಪ್ ಇರಲಿ. ಅದರ ಜಾಗ ಅದೇ. ಕೌಶಲಕ್ಕೆ ಸ್ಕ್ರ್ಯಾಚ್ ಸರಾಸರಿಯ ಪಟ್ಟಿ ಇರಲಿ, ನಿಗದಿತ ಸಂಖ್ಯೆಯ ಗೇಮು ಆಡಿದವರಷ್ಟೇ ಅದರಲ್ಲಿರಲಿ. ಸರಾಸರಿಗೆ ತಕ್ಕಂತೆ ಎರಡು ಮೂರು ವಿಭಾಗ ಮಾಡಿದರೆ 140ರವರು 145ರವರೊಡನೆ ನೇರವಾಗಿ ಸ್ಪರ್ಧಿಸಬಹುದು. ಸುಧಾರಣೆಗೆ ಬೇರೆಯೇ ಗೌರವ ಬೇಕು: ಹಿಂದಿನ ಋತುವಿನ ಸರಾಸರಿಗೂ ಈ ಋತುವಿನದಕ್ಕೂ ಇರುವ ವ್ಯತ್ಯಾಸವೇ ಅದರ ಅಳತೆಯಾಗಲಿ.

ಹ್ಯಾಂಡಿಕ್ಯಾಪ್ ಅಳೆಯುವುದು ಆಟಗಾರನನ್ನು ಅವನದೇ ನಿನ್ನೆಯ ಆಟದೊಡನೆ. ಒಬ್ಬ ಇನ್ನೊಬ್ಬನಿಗಿಂತ ಮೇಲೋ ಕೆಳಗೋ ಎಂಬುದಕ್ಕೆ ಅದು ಸಾಕ್ಷಿ ಹೇಳಲಾರದು. 140ರಿಂದ 155ಕ್ಕೆ ಏರಿದ ಹವ್ಯಾಸಿಗೆ ಆ ಹದಿನೈದು ಪಿನ್ನುಗಳನ್ನು ಅವುಗಳ ಹೆಸರಿನಲ್ಲೇ ಗುರುತಿಸುವುದು, ರಿಯಾಯಿತಿ ಬೆರೆಸಿದ 230ರ ಬಿರುದಿಗಿಂತ ದೊಡ್ಡ ಮರ್ಯಾದೆ.