ಗೀಚಿದ ಗೋಡೆ, ಅಚ್ಚಾದ ಗೋಡೆ

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಹುಡುಗರು ಕ್ರಿಕೆಟ್ ಆಡುವ ಗೋಡೆಗಳನ್ನು ನೋಡಿ. ಇದ್ದಿಲಲ್ಲಿ ಎಳೆದ ಮೂರು ಸ್ಟಂಪು. ಸುತ್ತಲೂ, ಮೋರಿಗೆ ಬಿದ್ದು ನೆಂದ ಟೆನಿಸ್ ಚೆಂಡು ಬಡಿದು ಮೂಡಿದ ಕೆಸರಿನ ದುಂಡು ಕಲೆಗಳು. ಸ್ಟಂಪನ್ನು ಯಾರೋ ಬರೆದರು. ಕಲೆಗಳನ್ನು ಯಾರೂ ಬರೆಯಲಿಲ್ಲ. ಫ್ರಾನ್ಸಿನ ಜಾನ್ ದ್ಯುಬುಫೆಯ (1901–1985) ಕಲ್ಲಚ್ಚುಗಳನ್ನು ತೂಗಲು ನನಗೆ ಇಷ್ಟು ವ್ಯತ್ಯಾಸ ಸಾಕು.

ವೈನ್ ವ್ಯಾಪಾರ ಬಿಟ್ಟು, ನಲವತ್ತರ ಆಸುಪಾಸಿನಲ್ಲಿ ಪೂರ್ತಿಯಾಗಿ ಚಿತ್ರಕ್ಕಿಳಿದವನು ಈತ. ಪ್ಯಾರಿಸ್ಸಿನ ಗೋಡೆಗಳ ಮೇಲಿನ ಗೀಚುಬರಹವೆಂದರೆ ಪ್ರಾಣ. ಕವಿ ಗಿಲ್ವಿಕ್‌ನ ಪದ್ಯಗಳ ಜೊತೆಗೆಂದು 1945ರಲ್ಲಿ ‘ಗೋಡೆಗಳು’ ಎಂಬ 15 ಕಲ್ಲಚ್ಚು ಮಾಡಿದ. ಒಂದರಲ್ಲಿ ಒಬ್ಬ ಗೋಡೆಗೆ ಮೂತ್ರ ಹೊಯ್ಯುತ್ತಿದ್ದಾನೆ. (ನಮ್ಮಲ್ಲಾಗಿದ್ದರೆ ಅಷ್ಟೊತ್ತಿಗೆ ಅಲ್ಲಿ ದೇವರ ಟೈಲ್ಸ್ ಅಂಟಿರುತ್ತಿತ್ತು.) ತಮಾಷೆಯಾಗಿದೆ, ನಿಜ. ಆದರೆ ಓದಿ ಬಲಿತ ಗಂಡಸು ಮಗುವಿನ ಕೈ ಎರವಲು ತಂದು ಗೀಚಿದ್ದು ಕಣ್ಣಿಗೆ ಹೊಡೆಯುತ್ತದೆ.

ಅಸಲಿ ಕೆಲಸ ಬಂದದ್ದು ಆಮೇಲೆ, 1958ರಿಂದ 1962ರವರೆಗಿನ ‘ವಿದ್ಯಮಾನಗಳು’ ಸರಣಿಯಲ್ಲಿ. ಕಲ್ಲಚ್ಚು ನಮಗೆ ಹೊಸದೇನಲ್ಲ. 1843ರ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಬಂದದ್ದೂ ಅದರಲ್ಲೇ. ಜಿಡ್ಡಿನ ಗುರುತಿಗೆ ಮಸಿ ಹತ್ತುತ್ತದೆ, ನೀರು ಹೀರಿದ ಕಲ್ಲಿಗೆ ಹತ್ತುವುದಿಲ್ಲ, ಅಷ್ಟೇ ಅದರ ಗುಟ್ಟು. ಗುರುತು ಹಾಕಲು ಕೈಯೇ ಬೇಕೆಂದೇನಿದೆ? ದ್ಯುಬುಫೆ ನೆಲ, ಗೋಡೆ, ಕಲ್ಲು, ಕಡೆಗೆ ಗೆಳೆಯನ ಬರಿಬೆನ್ನಿನಿಂದಲೂ ಅಚ್ಚು ತೆಗೆದು ಮುದ್ರಿಸಿದ.

ಈ ಸರಣಿಯ ಕಪ್ಪು ಹಾಳೆಗಳ ಮುಂದೆ ತುಸು ಹೊತ್ತು ನಿಲ್ಲಬೇಕು. ಅಂಚಿನಿಂದ ಅಂಚಿಗೆ ಕಾಳುಕಾಳು. ಇಲ್ಲಿ ಗಿಜಿಗಿಜಿ, ಅಲ್ಲಿ ವಿರಳ. ನಡು ಇಲ್ಲ, ಮೇಲು-ಕೆಳಗಿಲ್ಲ. ಅಂಗೈಯಗಲದ ಗಾರೆಯೋ, ವಿಮಾನದಿಂದ ಕಂಡ ಹೊಲವೋ ಹೇಳಲಾಗದು. ಕಣ್ಣು ಕೆರೆಯೊಂದನ್ನು ಹುಡುಕಿಕೊಳ್ಳುತ್ತದೆ, ಮರುಕ್ಷಣ ಅದು ಬರೀ ಮಸಿಯಾಗುತ್ತದೆ. ಗೋಡೆಯ ಮೇಲಿನ ಪ್ರೀತಿ ಇಲ್ಲಿ ವೇಷ ಹಾಕಿಲ್ಲ. ದೇವನಹಳ್ಳಿ ಕಡೆಯ ಹೊಸ ಅಪಾರ್ಟ್‌ಮೆಂಟುಗಳ ಹಾಲಿಗೆ ತಂದು ತೂಗುಹಾಕುವ ‘ಗ್ರಾಫಿಟಿ’ ಪ್ರಿಂಟುಗಳಲ್ಲಿ ಇದೇ ಇಲ್ಲದ್ದು: ಅವುಗಳಲ್ಲಿ ಸ್ಪ್ರೇ ಬಣ್ಣ ಸೋರಿದ್ದೂ ಸೋಫಾಕ್ಕೆ ಹೊಂದಿಕೊಂಡೇ ಸೋರಿರುತ್ತದೆ.

ದ್ಯುಬುಫೆಗೂ ಚೆಂದಗಾಣಿಸುವ ಆ ಚಟ ಪೂರಾ ಬಿಟ್ಟಿರಲಿಲ್ಲ. ಅಚ್ಚಿನ ಮೇಲೆ ಅಚ್ಚು ಕೂರಿಸಿ ಬಣ್ಣ ಕೊಟ್ಟ ಹಾಳೆಗಳು ಚೆಂದವಾಗಿವೆ, ಚೆಂದವೇ ಹೆಚ್ಚಾಯಿತು. ಮಣ್ಣು, ನೀರು ನೆನಪಿಸುವ ಕಾವ್ಯಮಯ ಹೆಸರುಗಳು ನೋಡುವವನ ಕೆಲಸವನ್ನು ಮೊದಲೇ ಮಾಡಿಟ್ಟುಬಿಡುತ್ತವೆ. ಸಂಖ್ಯೆಯೂ ವಿಪರೀತ, 300ಕ್ಕೂ ಹೆಚ್ಚು. ಹಳೆಯ ಚಿತ್ರವನ್ನು ಉಜ್ಜಿ ತೆಗೆದರೆ ಅಚ್ಚಿನ ಕಲ್ಲು ಮತ್ತೆ ಬಳಕೆಗೆ ಬರುತ್ತದೆ. ಕಪ್ಪಿನವು ಮೂವತ್ತನ್ನು ಉಳಿಸಿಕೊಂಡು ಮಿಕ್ಕವನ್ನು ಹಾಗೇ ಉಜ್ಜಿದ್ದರೂ ನಷ್ಟವಿರಲಿಲ್ಲ.